ಅಪೆಂಡಿಕ್ಸಿನಲ್ಲಿ ಪಾಲಿಪ್ ಸಿಕ್ಕಿದೆ ಎಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪೆಂಡಿಕ್ಸ್ ಆಪರೇಷನ್ ಮುಗಿದು, ನೋವು ಹೋಗಿ, ಮನೆಮಂದಿಯೆಲ್ಲ ನಿರಾಳವಾದ ಮೇಲೆ ಬಯಾಪ್ಸಿ ರಿಪೋರ್ಟ್ ಕೈಗೆ ಬರುತ್ತದೆ. ಹೆಚ್ಚಿನವರು ಅದನ್ನು ಫೈಲಿಗೆ ಸೇರಿಸಿ ಮರೆಯುತ್ತಾರೆ. ಓದಿದವರಲ್ಲಿ ಕೆಲವರಿಗೆ ಅದರಲ್ಲಿ ‘ಪಾಲಿಪ್’ ಎಂಬ ಪದ ಕಾಣುತ್ತದೆ, ಅವತ್ತು ರಾತ್ರಿ ನಿದ್ದೆ ಬರುವುದಿಲ್ಲ. ಅಂಥ ರಿಪೋರ್ಟುಗಳನ್ನು ಬರೆಯುವ ಪ್ಯಾಥಾಲಜಿಸ್ಟ್ ನಾನು. ರೋಗಿಗಳು, ಅವರ ಮನೆಯವರು, ಕೆಲವೊಮ್ಮೆ ಕಿರಿಯ ಡಾಕ್ಟರುಗಳು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮ್ಮ ವಿಷಯದಲ್ಲಿ ಕೊನೆಯ ಮಾತು ನಿಮ್ಮನ್ನು ಪರೀಕ್ಷಿಸಿದ ಡಾಕ್ಟರದ್ದೇ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಎಂಬುದು ನಿಮಗೆ ಗೊತ್ತಿರಲಿ ಎಂಬುದು ನನ್ನ ಆಸೆ.

## ಮೊದಲ ಗಾಬರಿಯ ಪ್ರಶ್ನೆಗಳು

“ಅಪೆಂಡಿಸೈಟಿಸ್ ಅಂತ ಆಪರೇಷನ್ ಮಾಡಿಸಿಕೊಂಡೆ. ಈಗ ರಿಪೋರ್ಟಿನಲ್ಲಿ ಪಾಲಿಪ್ ಅಂತ ಬಂದಿದೆ. ನನಗೆ ಕ್ಯಾನ್ಸರಾ?”

ಅಲ್ಲ. ಪಾಲಿಪ್ ಅಂದರೆ ಕ್ಯಾನ್ಸರ್ ಎಂದರ್ಥವಲ್ಲ. ಕ್ಯಾನ್ಸರ್ ಇದ್ದಿದ್ದರೆ ನಾವು ಅದನ್ನು ಮುಚ್ಚಿಟ್ಟು ಬರೆಯುವುದಿಲ್ಲ. ಕಾರ್ಸಿನೋಮ ಅಥವಾ ಅಡೆನೋಕಾರ್ಸಿನೋಮ ಎಂದು ನೇರವಾಗಿಯೇ ಬರೆಯುತ್ತೇವೆ. ಇನ್ನೊಂದು ಸಮಾಧಾನದ ಮಾತು: ಪಾಲಿಪ್ ಇದೆ ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ಅದು ನಿಮ್ಮ ಹೊಟ್ಟೆಯಲ್ಲಿಲ್ಲ. ಅಪೆಂಡಿಕ್ಸಿನ ಜೊತೆಗೇ ಹೊರಬಂದು ನಮ್ಮ ಟೇಬಲ್ ಮೇಲೆ ಬಿದ್ದಿದೆ. ಹೆಚ್ಚಿನ ಸಂದರ್ಭಗಳಲ್ಲಿ ಆ ಪಾಲಿಪ್‌ನ ಚಿಕಿತ್ಸೆ ಅಲ್ಲಿಗೇ ಮುಗಿದಿರುತ್ತದೆ. ಆಮೇಲೆ ಉಳಿಯುವ ನಿಜವಾದ ಪ್ರಶ್ನೆ, ಅದು ನಿಮ್ಮ ಉಳಿದ ಕರುಳಿನ ಬಗ್ಗೆ ಏನು ಹೇಳುತ್ತಿದೆ ಎಂಬುದು. ಅದರ ಬಗ್ಗೆ ಈ ಪುಟದಲ್ಲಿ ಮುಂದೆ ಬರೆದಿದ್ದೇನೆ.

“ಪಾಲಿಪ್ ಅಂದ್ರೆ ಏನು? ಅಷ್ಟು ಸಣ್ಣ ಅಪೆಂಡಿಕ್ಸಿನೊಳಗೆ ಅದಕ್ಕೆ ಜಾಗ ಎಲ್ಲಿರುತ್ತೆ?”

ಕರುಳಿನ ಒಳಪದರ ಒಂದು ಕಡೆ ಉಬ್ಬಿ ಒಳಗಿನ ದಾರಿಯತ್ತ ಬೆಳೆದರೆ ಅದಕ್ಕೆ ಪಾಲಿಪ್ ಎನ್ನುತ್ತೇವೆ. ಅದು ಒಂದು ಆಕಾರದ ಹೆಸರು ಮಾತ್ರ. ಒಳಗಿನ ಸ್ವಭಾವ ಏನು ಎಂಬುದನ್ನು ಮೈಕ್ರೋಸ್ಕೋಪ್ ಹೇಳಬೇಕು. ಅಪೆಂಡಿಕ್ಸ್ ಎಂದರೆ ದೊಡ್ಡ ಕರುಳಿನ ಆರಂಭದ ಚೀಲಕ್ಕೆ, ಅಂದರೆ ಸೀಕಮ್‌ಗೆ, ಅಂಟಿಕೊಂಡಿರುವ ಒಂದು ಕಡೆ ಮುಚ್ಚಿದ ನಳಿಗೆ. ಉದ್ದ ಸಾಮಾನ್ಯವಾಗಿ 6ರಿಂದ 10 ಸೆಂಟಿಮೀಟರ್, ಹೊರ ಅಗಲ 6 ಮಿಲಿಮೀಟರಿನ ಆಸುಪಾಸು. ಒಳಗಿನ ದಾರಿ ಕೆಲವೇ ಮಿಲಿಮೀಟರ್. ಆದರೆ ಅದರ ಒಳಪದರ ದೊಡ್ಡ ಕರುಳಿನ ಒಳಪದರದಂಥದ್ದೇ. ಹಾಗಾಗಿ ದೊಡ್ಡ ಕರುಳಿನಲ್ಲಿ ಏನೇನು ಬೆಳೆಯಬಹುದೋ ಅದೆಲ್ಲ ಇಲ್ಲೂ ಬೆಳೆಯಬಹುದು, ಸಣ್ಣ ಪ್ರಮಾಣದಲ್ಲಿ. ಜಾಗ ಕಡಿಮೆ ಇರುವುದರಿಂದ ಇಲ್ಲಿನ ಪಾಲಿಪ್‌ಗಳು ಅಣಬೆಯಂತೆ ತಲೆ ಎತ್ತುವುದು ಕಡಿಮೆ. ಗೋಡೆಗೆ ಹಚ್ಚಿದ ಗಾರೆಯ ಹಾಗೆ ಚಪ್ಪಟೆಯಾಗಿ, ಕೆಲವೊಮ್ಮೆ ನಳಿಗೆಯ ಸುತ್ತಲೂ ಹರಡಿಕೊಂಡಿರುತ್ತವೆ.

“ಆಪರೇಷನ್‌ಗೆ ಮೊದಲು ಸ್ಕ್ಯಾನ್ ಮಾಡಿಸಿದ್ವಲ್ಲ, ಅದರಲ್ಲಿ ಯಾಕೆ ಕಾಣಲಿಲ್ಲ?”

ಮೂರು ನಾಲ್ಕು ಮಿಲಿಮೀಟರಿನ ಮೃದುವಾದ ಉಬ್ಬು, ಅದೂ ಊದಿಕೊಂಡು ಕೀವು ತುಂಬಿದ ನಳಿಗೆಯೊಳಗೆ, ಅಲ್ಟ್ರಾಸೌಂಡಿನಲ್ಲಾಗಲಿ ಸಿ.ಟಿ. ಸ್ಕ್ಯಾನಿನಲ್ಲಾಗಲಿ ಬೇರೆಯಾಗಿ ಕಾಣುವುದು ತೀರಾ ಅಪರೂಪ. ಸ್ಕ್ಯಾನ್ ಮಾಡಿದವರು ಹುಡುಕಿದ್ದು ಅಪೆಂಡಿಕ್ಸ್ ಊದಿದೆಯೇ, ಒಡೆದಿದೆಯೇ ಎಂಬುದನ್ನು, ಅದು ಅವರಿಗೆ ಸಿಕ್ಕಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಅಪೆಂಡಿಕ್ಸ್ 15 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ, ಗೋಡೆಯಲ್ಲಿ ಸುಣ್ಣದ ಗೆರೆ ಕಂಡರೆ, ಒಳಗೆ ಲೋಳೆ ತುಂಬಿರಬಹುದೇ ಎಂಬ ಅನುಮಾನ ಸ್ಕ್ಯಾನಿನಲ್ಲೇ ಹುಟ್ಟುತ್ತದೆ. ಆದರೆ ಅದು ಬೇರೆ ಕಥೆ, ಮುಂದೆ ಬರುತ್ತದೆ.

“ಇದು ಎಷ್ಟು ಅಪರೂಪ? ನನಗೇ ಯಾಕೆ?”

ಬೇರೆ ಬೇರೆ ಕಾರಣಕ್ಕೆ ತೆಗೆದ ಅಪೆಂಡಿಕ್ಸ್‌ಗಳನ್ನೆಲ್ಲ ಲೆಕ್ಕ ಹಾಕಿದರೆ, ನೂರರಲ್ಲಿ ಸುಮಾರು ಒಂದರಲ್ಲಿ ಯಾವುದೋ ಒಂದು ಬಗೆಯ ಗಡ್ಡೆ ಇರುತ್ತದೆ. ನಿರಪಾಯದ ಪಾಲಿಪ್‌ಗಳು ಆ ಗುಂಪಿನ ಒಂದು ಪಾಲು ಮಾತ್ರ. ಎಷ್ಟು ಸಿಗುತ್ತವೆ ಎಂಬುದು ಎಷ್ಟು ಹುಡುಕುತ್ತೇವೆ ಎಂಬುದರ ಮೇಲೂ ನಿಂತಿದೆ. ಮೂರೇ ತುಂಡು ನೋಡುವ ಲ್ಯಾಬಿಗಿಂತ ಇಡೀ ಅಪೆಂಡಿಕ್ಸ್ ನೋಡುವ ಲ್ಯಾಬಿಗೆ ಹೆಚ್ಚು ಸಿಕ್ಕೇ ಸಿಗುತ್ತದೆ. ‘ನನಗೇ ಯಾಕೆ’ ಎಂಬುದಕ್ಕೆ ಹೆಚ್ಚಿನವರ ವಿಷಯದಲ್ಲಿ ವಯಸ್ಸು ಬಿಟ್ಟರೆ ಹೇಳುವಂಥ ಕಾರಣವಿಲ್ಲ. ನೀವು ಏನೋ ತಿಂದದ್ದರಿಂದ, ಏನೋ ಬಿಟ್ಟದ್ದರಿಂದ ಆಯಿತು ಎಂದು ಕೊರಗಬೇಡಿ.

“ಹಾಗಾದ್ರೆ ನನಗೆ ಹೊಟ್ಟೆನೋವು ಬಂದಿದ್ದು ಈ ಪಾಲಿಪ್‌ನಿಂದಲೇನಾ?”

ಬಹುಪಾಲು ಅಲ್ಲ. ಅಪೆಂಡಿಕ್ಸಿನ ದಾರಿ ಕಟ್ಟಿಕೊಂಡರೆ ಉರಿಯೂತ ಶುರುವಾಗುತ್ತದೆ. ಕಟ್ಟುವುದು ಸಾಮಾನ್ಯವಾಗಿ ಗಟ್ಟಿಯಾದ ಮಲದ ಉಂಡೆ ಅಥವಾ ಊದಿಕೊಂಡ ದುಗ್ಧ ಅಂಗಾಂಶ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಕೋಶಗಳ ಗುಂಪು. ಪಾಲಿಪ್ ಬುಡದ ಹತ್ತಿರ ಬೆಳೆದು ದಾರಿಗೆ ಅಡ್ಡವಾದರೆ ಅದೇ ಕಾರಣವಾಗಬಹುದು. ತುದಿಯಲ್ಲಿ ಸಿಕ್ಕ ಸಣ್ಣ ಪಾಲಿಪ್ ತನ್ನಷ್ಟಕ್ಕೆ ತಾನಿತ್ತು, ನೋವಿನ ನೆಪದಲ್ಲಿ ಸಿಕ್ಕಿಬಿತ್ತು ಎಂದುಕೊಳ್ಳುವುದೇ ಸರಿ.

## ಲ್ಯಾಬಿನಲ್ಲಿ ಏನಾಗುತ್ತದೆ, ರಿಪೋರ್ಟ್ ಹೇಗೆ ಓದಬೇಕು

“ತೆಗೆದ ಅಪೆಂಡಿಕ್ಸನ್ನ ಲ್ಯಾಬಿಗೆ ಕಳಿಸಲೇಬೇಕಾ? ನೋಡಿದ್ರೆ ಗೊತ್ತಾಗಲ್ವಾ?”

ಕಳಿಸಬೇಕು. ಈ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಹೊರಗಿನಿಂದ ಸರಿಯಾಗಿ ಕಾಣುವ ಅಪೆಂಡಿಕ್ಸನ್ನು ಪರೀಕ್ಷೆಗೆ ಕಳಿಸುವುದು ದಂಡ ಎಂಬ ವಾದ ವೈದ್ಯರ ನಡುವೆಯೇ ಇದೆ. ಆದರೆ ಪಾಲಿಪ್ ಇರುವುದು ಒಳಗೆ. ಎಷ್ಟೇ ನುರಿತ ಸರ್ಜನ್ ಆದರೂ ಹೊರಗೋಡೆ ದಾಟಿ ಒಳಗಿನದ್ದು ಕಾಣುವುದಿಲ್ಲ.

ನಮ್ಮ ಟೇಬಲ್ಲಿಗೆ ಅದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಬರುತ್ತದೆ. ಒಂದು ರಾತ್ರಿ ಅದರಲ್ಲಿ ನೆನೆದರೆ ಅಂಗಾಂಶ ಬಿರುಸಾಗುತ್ತದೆ, ಬಣ್ಣ ಬೂದಿಯಾಗುತ್ತದೆ. ಉದ್ದ, ದಪ್ಪ ಅಳೆದು, ಹೊರಗೆ ತೂತು ಅಥವಾ ಲೋಳೆ ಇದೆಯೇ ನೋಡಿ, ತುದಿಯನ್ನು ಉದ್ದಕ್ಕೆ ಸೀಳುತ್ತೇವೆ. ಉಳಿದದ್ದನ್ನು ಬೆಂಡೆಕಾಯಿ ಹೆಚ್ಚಿದ ಹಾಗೆ ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತೇವೆ. ಸರ್ಜನ್ ಕತ್ತರಿಸಿದ ಬುಡದ ಬಿಲ್ಲೆಗೆ ಬೇರೆ ಗೌರವ. ಅದನ್ನು ಪ್ರತ್ಯೇಕವಾಗಿ ಗುರುತು ಮಾಡಿ ಇಡಬೇಕು. ಆಯ್ದ ತುಂಡುಗಳು ಮೇಣದ ಬ್ಲಾಕಾಗುತ್ತವೆ, ಬ್ಲಾಕಿನಿಂದ ಸುಮಾರು 4 ಮೈಕ್ರಾನ್ ದಪ್ಪದ ಪದರ ಎಬ್ಬಿಸಿ ಗಾಜಿನ ಮೇಲೆ ಕೂರಿಸಿ ಗುಲಾಬಿ–ನೀಲಿ ಬಣ್ಣ ಹಾಕುತ್ತೇವೆ. ಒಂದು ಕೂದಲಿನ ದಪ್ಪದಲ್ಲಿ ಅಂಥ ಹತ್ತಾರು ಪದರ ಬರುತ್ತವೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅಪೆಂಡಿಕ್ಸ್ ನೋಡುತ್ತಿದ್ದೆ. ಎಲ್ಲ ಉರಿಯೂತದ್ದೇ ಲಕ್ಷಣ. ಒಂದು ಬಿಲ್ಲೆಯಲ್ಲಿ ಮಾತ್ರ ಒಳಪದರ ಒಂದು ಬದಿಗೆ ಸ್ವಲ್ಪ ದಪ್ಪ ಇತ್ತು. ಊತ ಇರಬೇಕು ಅಂದುಕೊಂಡು ರಿಪೋರ್ಟ್ ಬರೆಯಲು ಹೊರಟಿದ್ದೆ. ನನ್ನ ಹಿರಿಯರು ಸ್ಲೈಡಿನಿಂದ ಕಣ್ಣು ತೆಗೆಯದೆ, “ಡಬ್ಬಿಯಲ್ಲಿ ಉಳಿದದ್ದನ್ನೂ ಹಾಕು” ಎಂದರಷ್ಟೆ. ಮರುದಿನ ಬಂದ ಸ್ಲೈಡಿನಲ್ಲಿ, ನಾನು ಬಿಟ್ಟಿದ್ದ ಪಕ್ಕದ ಬಿಲ್ಲೆಯಲ್ಲಿ, ಸ್ಪಷ್ಟವಾದ ಪಾಲಿಪ್ ಕೂತಿತ್ತು. ಅಂದಿನಿಂದ ಒಳಪದರ ಒಂದೇ ಬದಿಗೆ ದಪ್ಪವಾಗಿದ್ದರೆ ನಾನು ಇಡೀ ಅಪೆಂಡಿಕ್ಸ್ ಹಾಕದೆ ಸಹಿ ಮಾಡಿಲ್ಲ.

“ಹೈಪರ್‌ಪ್ಲಾಸ್ಟಿಕ್, ಸೆರೇಟೆಡ್, ಅಡೆನೋಮ... ಇವೆಲ್ಲ ಒಂದೇನಾ? ನನ್ನದು ಯಾವುದು ಒಳ್ಳೇದು?”

ಒಂದೇ ಅಲ್ಲ. ರಿಪೋರ್ಟಿನಲ್ಲಿ ನೀವು ಮೊದಲು ಹುಡುಕಬೇಕಾದ ಪದ ಇದೇ.

ಹೈಪರ್‌ಪ್ಲಾಸ್ಟಿಕ್ ಪಾಲಿಪ್ ಎಲ್ಲಕ್ಕಿಂತ ಸಾಧು. ಒಳಪದರದ ಗ್ರಂಥಿಗಳಲ್ಲಿ ಜೀವಕೋಶಗಳು ಒತ್ತಾಗಿ ಸೇರಿಕೊಂಡು, ಮೇಲಿನ ಅರ್ಧದಲ್ಲಿ ಮಾತ್ರ ಗರಗಸದ ಹಲ್ಲಿನಂತೆ ಕಾಣುತ್ತವೆ. ಗ್ರಂಥಿಯ ಬುಡ ಕಿರಿದಾಗಿ ನೆಟ್ಟಗೆ ಇರುತ್ತದೆ.

ಸೆಸೈಲ್ ಸೆರೇಟೆಡ್ ಲೀಷನ್ ಎಂದರೆ ಅದೇ ಗರಗಸದ ಹಲ್ಲು ಗ್ರಂಥಿಯ ಬುಡದವರೆಗೂ ಇಳಿದಿದೆ ಎಂದರ್ಥ. ಬುಡ ಅಗಲವಾಗಿ, ಬೂಟಿನ ಆಕಾರದಲ್ಲಿ ಒಂದು ಕಡೆಗೆ ತಿರುಗಿಕೊಂಡಿರುತ್ತದೆ. ಇದೂ ನಿರಪಾಯದ್ದೇ, ಆದರೆ ಇದಕ್ಕೆ ಮುಂದೆ ಬದಲಾಗುವ ಸಾಮರ್ಥ್ಯ ಇದೆ. ಅಪೆಂಡಿಕ್ಸಿನಲ್ಲಿ ಕಾಣುವ ಪಾಲಿಪ್‌ಗಳಲ್ಲಿ ಈ ಸೆರೇಟೆಡ್ ಗುಂಪಿನವೇ ಹೆಚ್ಚು.

ದೊಡ್ಡ ಕರುಳಿನಲ್ಲಿ ಮಾಮೂಲಾಗಿ ಸಿಗುವ ಟ್ಯೂಬುಲರ್ ಅಡೆನೋಮ, ವಿಲ್ಲಸ್ ಅಡೆನೋಮ ಅಪೆಂಡಿಕ್ಸಿನಲ್ಲಿ ಅಪರೂಪ. ಇವುಗಳಲ್ಲಿ ಜೀವಕೋಶಗಳ ಬೀಜ (ನ್ಯೂಕ್ಲಿಯಸ್) ಉದ್ದವಾಗಿ, ಕಪ್ಪಾಗಿ, ಸೀಸದಕಡ್ಡಿ ಜೋಡಿಸಿಟ್ಟಂತೆ ನಿಂತಿರುತ್ತವೆ. ಅಡೆನೋಮ ಎಂದು ಬರೆದರೆ ಡಿಸ್ಪ್ಲೇಷಿಯಾ ಇದೆ ಎಂದೇ ಅರ್ಥ.

ಇವಲ್ಲದೆ ಉರಿಯೂತದಿಂದ ಹುಟ್ಟುವ ಇನ್‌ಫ್ಲಮೇಟರಿ ಪಾಲಿಪ್, ಕೊಬ್ಬಿನ ಲೈಪೋಮ, ಸ್ನಾಯುವಿನ ಲಿಯೋಮಯೋಮ ಇವೆಲ್ಲ ಒಮ್ಮೊಮ್ಮೆ ಸಿಗುತ್ತವೆ. ಇವುಗಳ ಬಗ್ಗೆ ಚಿಂತೆಯೇ ಬೇಡ.

“ಡಿಸ್ಪ್ಲೇಷಿಯಾ ಅಂದ್ರೆ ಏನು? ಲೋ ಗ್ರೇಡ್ ಅಂತ ಬರೆದಿದ್ದಾರೆ.”

ಜೀವಕೋಶಗಳು ತಮ್ಮ ಶಿಸ್ತು ಬಿಡತೊಡಗಿವೆ, ಆದರೆ ತಮ್ಮ ಗಡಿ ದಾಟಿಲ್ಲ ಎಂಬ ಸ್ಥಿತಿ. ಲೋ ಗ್ರೇಡ್ ಎಂದರೆ ಶಿಸ್ತು ಸ್ವಲ್ಪ ತಪ್ಪಿದೆ. ಹೈ ಗ್ರೇಡ್ ಎಂದರೆ ಬಹಳ ತಪ್ಪಿದೆ. ಎರಡರಲ್ಲೂ ಕೆಳಗಿನ ಪದರಕ್ಕೆ ನುಗ್ಗಿಲ್ಲವಾದರೆ ಕ್ಯಾನ್ಸರ್ ಅಲ್ಲ. ಹೈ ಗ್ರೇಡ್ ಎಂದಿದ್ದರೆ ಇಡೀ ಅಪೆಂಡಿಕ್ಸನ್ನು ಪರೀಕ್ಷೆಗೆ ಹಾಕಿದ್ದಾರೆಯೇ ಎಂದು ತಪ್ಪದೆ ಕೇಳಿ.

“ಮಾರ್ಜಿನ್ ಫ್ರೀ ಅಂತಿದೆ. ಇದು ಮುಖ್ಯನಾ?”

ತುಂಬ ಮುಖ್ಯ. ಸರ್ಜನ್ ಅಪೆಂಡಿಕ್ಸನ್ನು ಸೀಕಮ್‌ನಿಂದ ಕತ್ತರಿಸಿದ ಜಾಗವೇ ಮಾರ್ಜಿನ್. ಅಲ್ಲಿ ಪಾಲಿಪ್ ಇಲ್ಲದಿದ್ದರೆ ಪೂರ್ತಿ ಹೊರಬಂದಿದೆ. ಅಲ್ಲಿ ಇದ್ದರೆ ಹೊಟ್ಟೆಯೊಳಗೆ ಉಳಿದ ಮೊಟಕು ಬುಡದಲ್ಲಿ ಅದರ ಇನ್ನೊಂದು ತುದಿ ಇರಬಹುದು. ರಿಪೋರ್ಟಿನಲ್ಲಿ ಮಾರ್ಜಿನ್ ಬಗ್ಗೆ ಏನೂ ಬರೆಯದಿದ್ದರೆ ಸುಮ್ಮನಿರಬೇಡಿ, ಲ್ಯಾಬಿಗೆ ಫೋನ್ ಮಾಡಿ ಕೇಳಿ. ಬುಡದ ಬಿಲ್ಲೆ ಬ್ಲಾಕಿನಲ್ಲಿ ಇದ್ದರೆ ಅದನ್ನು ಮತ್ತೆ ನೋಡಿ ಹೇಳಬಹುದು.

“ರಿಪೋರ್ಟಿನಲ್ಲಿ ಪಾಲಿಪ್ ಅಂತಿಲ್ಲ, ‘ಲೋ ಗ್ರೇಡ್ ಮ್ಯೂಸಿನಸ್ ನಿಯೋಪ್ಲಾಸಂ’ ಅಂತಿದೆ. ಎರಡೂ ಒಂದೇ ಅಲ್ವಾ?”

ಅಲ್ಲ, ಈ ಎರಡನ್ನು ಬೆರೆಸಲೇಬಾರದು. ಮೇಲ್ನೋಟಕ್ಕೆ ಎರಡೂ ಹತ್ತಿರದ ನೆಂಟರಂತೆ ಕಾಣುತ್ತವೆ. ಎರಡರಲ್ಲೂ ಲೋಳೆ ತುಂಬಿದ ಕೋಶಗಳು ಇರುತ್ತವೆ. ವ್ಯತ್ಯಾಸ ಇರುವುದು ಕೆಳಗೆ. ಪಾಲಿಪ್ ಆದರೆ ಒಳಪದರದ ಅಡಿಯ ತೆಳುವಾದ ಸ್ನಾಯುಪಟ್ಟಿ, ನಾವು ಮಸ್ಕ್ಯುಲಾರಿಸ್ ಮ್ಯೂಕೋಸೆ ಎನ್ನುವುದು, ಹಾಗೇ ಉಳಿದಿರುತ್ತದೆ. ಮ್ಯೂಸಿನಸ್ ನಿಯೋಪ್ಲಾಸಂನಲ್ಲಿ ಆ ಪಟ್ಟಿ ಅಳಿಸಿಹೋಗಿ, ಗೋಡೆ ನಾರುಗಟ್ಟಿ, ಲೋಳೆಯ ಒತ್ತಡಕ್ಕೆ ಹೊರಗೆ ತಳ್ಳಿಕೊಂಡಿರುತ್ತದೆ. ಅದು ಅಪೆಂಡಿಕ್ಸಿನೊಳಗೇ ಇದ್ದರೆ ಆಪರೇಷನ್ನಿನಿಂದಲೇ ವಾಸಿ. ಒಡೆದು ಲೋಳೆ ಹೊಟ್ಟೆಯೊಳಗೆ ಚೆಲ್ಲಿದರೆ ಕಾಲಕ್ರಮೇಣ ಹೊಟ್ಟೆಯ ಒಳಪೊರೆಯ ಮೇಲೆಲ್ಲ ಜೆಲ್ಲಿಯಂತೆ ಬೆಳೆಯಬಹುದು, ಸ್ಯೂಡೋಮಿಕ್ಸೋಮ ಪೆರಿಟೋನಿಯೈ ಎನ್ನುವುದು ಅದಕ್ಕೇ. ಆದ್ದರಿಂದ ಆ ರಿಪೋರ್ಟ್ ಬಂದವರು ಈ ಪುಟದ ಸಮಾಧಾನಗಳನ್ನು ತಮಗೆ ಅನ್ವಯಿಸಿಕೊಳ್ಳದೆ, ಆ ಕಾಯಿಲೆಯಲ್ಲಿ ಅನುಭವ ಇರುವವರನ್ನು ಕಾಣಬೇಕು.

ಹಳೆಯ ರಿಪೋರ್ಟುಗಳಲ್ಲಿ ‘ಮ್ಯೂಸಿನಸ್ ಸಿಸ್ಟಡೆನೋಮ’ ಎಂಬ ಹೆಸರು ಇರುತ್ತದೆ. ಕೇಳಲು ನಿರಪಾಯದ ಗಡ್ಡೆಯಂತಿದೆ. ಈಗ ಆ ಹೆಸರನ್ನು ಕೈಬಿಟ್ಟಿದ್ದೇವೆ, ಏಕೆಂದರೆ ಅದರಡಿಯಲ್ಲಿ ಎರಡೂ ಬಗೆಯವು ಸೇರಿಹೋಗುತ್ತಿದ್ದವು. ಅಂಥ ರಿಪೋರ್ಟ್ ಇದ್ದರೆ ಸ್ಲೈಡನ್ನು ಮತ್ತೊಮ್ಮೆ ತೋರಿಸುವುದು ಒಳ್ಳೆಯದು.

“ಕಾರ್ಸಿನಾಯ್ಡ್ ಅಂತ ಬಂದಿದೆ. ಅದೂ ಪಾಲಿಪ್ಪೇ?”

ಅಲ್ಲ. ಅದು ನ್ಯೂರೋಎಂಡೋಕ್ರೈನ್ ಗಡ್ಡೆ, ಅಂದರೆ ಹಾರ್ಮೋನ್ ಸ್ರವಿಸುವ ಬಗೆಯ ಕೋಶಗಳಿಂದ ಹುಟ್ಟಿದ್ದು, ಹೆಚ್ಚಾಗಿ ತುದಿಯಲ್ಲಿ ಸಿಗುವ ಹಳದಿ ಬಣ್ಣದ ಗಟ್ಟಿ ಗಂಟು. 1 ಸೆಂಟಿಮೀಟರಿಗಿಂತ ಚಿಕ್ಕದಾಗಿ ಪೂರ್ತಿ ತೆಗೆದಿದ್ದರೆ ಅಪೆಂಡಿಕ್ಸ್ ತೆಗೆದದ್ದೇ ಸಾಕಾಗುತ್ತದೆ. 2 ಸೆಂಟಿಮೀಟರ್ ದಾಟಿದರೆ ಮುಂದಿನ ಆಪರೇಷನ್ನಿನ ಮಾತು ಬರುತ್ತದೆ.

## ಮುಂದೇನು ಎಂಬ ಪ್ರಶ್ನೆಗಳು

“ಅಪೆಂಡಿಕ್ಸೇ ಹೋಯ್ತು. ಮತ್ಯಾಕೆ ಕೊಲೊನೊಸ್ಕೋಪಿ ಮಾಡಿಸಿ ಅಂತಾರೆ?”

ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಅತಿ ಹೆಚ್ಚು ಜನ ಕಡೆಗಣಿಸುವ ಸಲಹೆಯೂ ಇದೇ. ಅಪೆಂಡಿಕ್ಸಿನ ಒಳಪದರ ಮತ್ತು ದೊಡ್ಡ ಕರುಳಿನ ಒಳಪದರ ಒಂದೇ ನೇಯ್ಗೆಯ ಬಟ್ಟೆ. ಒಂದು ಮೂಲೆಯಲ್ಲಿ ಅಡೆನೋಮ ಅಥವಾ ಸೆರೇಟೆಡ್ ಲೀಷನ್ ಹುಟ್ಟಿದೆ ಎಂದರೆ ಬೇರೆ ಕಡೆಯೂ ಹುಟ್ಟಿರುವ ಸಾಧ್ಯತೆ ಇದೆ. ಅಪೆಂಡಿಕ್ಸಿನದ್ದು ಹೊರಬಂತು, ಒಳಗಿರಬಹುದಾದದ್ದನ್ನು ಹುಡುಕಲು ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ. ಅಲ್ಲಿ ಸಿಕ್ಕರೆ ಹೆಚ್ಚಿನ ಪಾಲಿಪ್‌ಗಳನ್ನು ಅದೇ ಹೊತ್ತಿನಲ್ಲಿ ತೆಗೆದುಬಿಡಬಹುದು.

ಸಣ್ಣ ಹೈಪರ್‌ಪ್ಲಾಸ್ಟಿಕ್ ಪಾಲಿಪ್ ಒಂದೇ ಸಿಕ್ಕು, ನಿಮಗೆ ವಯಸ್ಸೂ ಚಿಕ್ಕದಿದ್ದು, ಮನೆಯಲ್ಲಿ ಯಾರಿಗೂ ಕರುಳಿನ ಕ್ಯಾನ್ಸರ್ ಇಲ್ಲದಿದ್ದರೆ, ಡಾಕ್ಟರು ಬೇಡ ಎನ್ನಬಹುದು, ಅದು ಸರಿಯೇ. ಅಡೆನೋಮ, ಸೆಸೈಲ್ ಸೆರೇಟೆಡ್ ಲೀಷನ್, ಡಿಸ್ಪ್ಲೇಷಿಯಾ, ಹ್ಯಾಮರ್ಟೋಮ (ಆ ಜಾಗದ್ದೇ ಅಂಗಾಂಶ ಲೆಕ್ಕ ತಪ್ಪಿ ಬೆಳೆದದ್ದು, ಮುಂದೆ ಬರುತ್ತದೆ), ಇವುಗಳಲ್ಲಿ ಯಾವುದೇ ಪದ ಇದ್ದರೆ ನಾನಂತೂ ಮಾಡಿಸಿ ಎಂದೇ ಹೇಳುತ್ತೇನೆ. ಆಪರೇಷನ್ನಿನ ಗಾಯ ಮಾಯಲು ಬಿಟ್ಟು, ಸಾಮಾನ್ಯವಾಗಿ ಆರರಿಂದ ಎಂಟು ವಾರದ ನಂತರ ಮಾಡುತ್ತಾರೆ. ಪರೀಕ್ಷೆ ಮಾಡುವವರಿಗೆ ನಿಮ್ಮ ಅಪೆಂಡಿಕ್ಸಿನ ರಿಪೋರ್ಟ್ ತೋರಿಸಿ. ಅಪೆಂಡಿಕ್ಸ್ ಬಾಯಿ ಇದ್ದ ಜಾಗವನ್ನು ಅವರು ಎರಡು ಸಲ ನೋಡುತ್ತಾರೆ.

“ಮತ್ತೆ ಆಪರೇಷನ್ ಮಾಡಿಸಬೇಕಾ? ಅರ್ಧ ಕರುಳು ತೆಗೀತಾರೆ ಅಂತ ಯಾರೋ ಹೆದರಿಸಿದ್ರು.”

ನಿರಪಾಯದ ಪಾಲಿಪ್‌ಗೆ ದೊಡ್ಡ ಕರುಳಿನ ಬಲಭಾಗ ತೆಗೆಯುವುದಿಲ್ಲ. ಮಾರ್ಜಿನ್ ಶುದ್ಧವಿದ್ದರೆ ಆಪರೇಷನ್ನಿನ ಮಾತೇ ಇಲ್ಲ. ಮಾರ್ಜಿನ್‌ನಲ್ಲಿ ಪಾಲಿಪ್ ಇದ್ದರೆ ಮೊದಲು ಕೊಲೊನೊಸ್ಕೋಪಿ ಮಾಡಿ ಬುಡ ನೋಡುತ್ತಾರೆ. ಉಳಿದದ್ದು ಕಂಡರೆ ಅಲ್ಲಿಂದಲೇ ತೆಗೆಯಲು ಆಗುತ್ತದೆಯೇ, ಇಲ್ಲ ಸೀಕಮ್‌ನ ಒಂದು ಸಣ್ಣ ಅಂಚನ್ನು ಬುಡದ ಸಮೇತ ಸ್ಟೇಪ್ಲರ್‌ನಿಂದ ಕತ್ತರಿಸಬೇಕೇ ಎಂದು ತೀರ್ಮಾನಿಸುತ್ತಾರೆ. ಕೀಹೋಲ್‌ನಲ್ಲೇ ಆಗುವ ಕೆಲಸ.

“ರಿಪೋರ್ಟ್ ತಗೊಂಡೇ ಇಲ್ಲ. ಆಪರೇಷನ್ ಆಗಿ ಎರಡು ವರ್ಷ ಆಯ್ತು. ಈಗ ಕೇಳಬಹುದಾ?”

ಇವತ್ತೇ ಕೇಳಿ. ಯಾರೂ ಬಂದು ಒಯ್ಯದ ರಿಪೋರ್ಟುಗಳು ಕಪಾಟಿನಲ್ಲಿ ಉಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅವುಗಳಲ್ಲಿ ಮುಖ್ಯವಾದವೂ ಇರುತ್ತವೆ. ನೋವು ಹೋಯಿತು, ಹೊಲಿಗೆ ಬಿಚ್ಚಿತು, ಇನ್ನೇನಿದೆ ಎಂದು ಬಿಟ್ಟಿರುತ್ತಾರೆ. ಡಿಸ್ಚಾರ್ಜ್ ಕಾಗದದಲ್ಲಿರುವ ನಿಮ್ಮ ನೋಂದಣಿ ಸಂಖ್ಯೆ ಹೇಳಿದರೆ ಪ್ರತಿ ಸಿಗುತ್ತದೆ. ‘ಅಕ್ಯೂಟ್ ಅಪೆಂಡಿಸೈಟಿಸ್’ ಎಂದಷ್ಟೇ ಇದ್ದರೆ ಫೈಲಿಗೆ ಹಾಕಿ ನೆಮ್ಮದಿಯಾಗಿರಿ.

“ಆಂಟಿಬಯಾಟಿಕ್‌ನಲ್ಲೇ ವಾಸಿಯಾಯ್ತು, ಆಪರೇಷನ್ ಮಾಡಿಲ್ಲ. ಒಳಗೆ ಪಾಲಿಪ್ ಇದ್ದರೆ ಗೊತ್ತಾಗೋದು ಹೇಗೆ?”

ಒಳ್ಳೆಯ ಪ್ರಶ್ನೆ. ಆಂಟಿಬಯಾಟಿಕ್‌ನಿಂದ ಅಪೆಂಡಿಸೈಟಿಸ್ ವಾಸಿ ಮಾಡುವುದು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಅದರಲ್ಲಿ ಅಪೆಂಡಿಕ್ಸ್ ನಮ್ಮ ಟೇಬಲ್ಲಿಗೆ ಬರುವುದೇ ಇಲ್ಲ. ಚಿಕ್ಕ ವಯಸ್ಸಿನವರಲ್ಲಿ, ಸರಳವಾದ ಉರಿಯೂತದಲ್ಲಿ, ಇದರಿಂದ ದೊಡ್ಡ ನಷ್ಟವಿಲ್ಲ. ಎಚ್ಚರ ಬೇಕಾದ್ದು 40 ದಾಟಿದವರಿಗೆ, ಅದರಲ್ಲೂ ಅಪೆಂಡಿಕ್ಸಿನ ಸುತ್ತ ಕೀವುಗಟ್ಟಿ, ಆಪರೇಷನ್ ಇಲ್ಲದೆ ವಾಸಿಯಾದವರಿಗೆ. ಫಿನ್ಲೆಂಡಿನಲ್ಲಿ ಹೀಗೆ ಕೀವುಗಟ್ಟಿ ವಾಸಿಯಾದ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸುಮಾರು ಐವರಲ್ಲಿ ಒಬ್ಬರ ಅಪೆಂಡಿಕ್ಸಿನಲ್ಲಿ ಗಡ್ಡೆ ಸಿಕ್ಕಿತ್ತು, ಸಿಕ್ಕವರೆಲ್ಲರೂ 40 ದಾಟಿದವರೇ. ಆ ಗಡ್ಡೆಗಳೆಲ್ಲ ಈ ಪುಟದ ಸಾಧು ಪಾಲಿಪ್‌ಗಳಲ್ಲ. ಆದರೂ ಆ ವಯಸ್ಸಿನವರಿಗೆ ಕೊಲೊನೊಸ್ಕೋಪಿ ಮತ್ತು ಸಿ.ಟಿ. ಮಾಡಿಸಿ ಎಂದು ಹೇಳುವುದರ ಹಿಂದೆ, ಕೆಲವರಿಗೆ ಕೆಲ ವಾರ ಬಿಟ್ಟು ಅಪೆಂಡಿಕ್ಸ್ ತೆಗೆಯೋಣ ಎನ್ನುವುದರ ಹಿಂದೆ ಇಂಥ ಅನುಭವ ಇದೆ.

“ಊಟದಲ್ಲಿ ಏನಾದ್ರೂ ಪಥ್ಯ ಇದೆಯಾ?”

ಈ ಪಾಲಿಪ್‌ಗೆಂದು ಯಾವ ಪಥ್ಯವೂ ಇಲ್ಲ. ಸಿಗರೇಟು ಬಿಡುವುದು ಮಾತ್ರ ಕರುಳಿಗೆ ನಿಜವಾಗಿ ಉಪಕಾರಿ. ಸೆರೇಟೆಡ್ ಪಾಲಿಪ್‌ಗೂ ಧೂಮಪಾನಕ್ಕೂ ನಂಟಿದೆ.

## ಇನ್ನಷ್ಟು ಆಳಕ್ಕೆ

“ಕೊಲೊನೊಸ್ಕೋಪಿ ಮಾಡುವಾಗ ಅಪೆಂಡಿಕ್ಸ್ ಬಾಯಲ್ಲೇ ಪಾಲಿಪ್ ಕಂಡಿತಂತೆ. ಅಲ್ಲೇ ತೆಗೀಬಹುದಿತ್ತಲ್ಲ?”

ಬಾಯಿಯ ಅಂಚಿನಲ್ಲಿ ಇದ್ದು, ಸುತ್ತಲಿನ ಗಡಿ ಪೂರ್ತಿ ಕಾಣುತ್ತಿದ್ದರೆ ತೆಗೆಯಬಹುದು. ತೊಂದರೆ ಬರುವುದು ಅದು ಬಾಯೊಳಗೆ ಇಳಿದಿದ್ದಾಗ. ಕೊಲೊನೊಸ್ಕೋಪಿನ ನಳಿಕೆಯೇ ಒಂದು ಸೆಂಟಿಮೀಟರಿಗಿಂತ ದಪ್ಪ. ಅಪೆಂಡಿಕ್ಸಿನ ದಾರಿ ಕೆಲವೇ ಮಿಲಿಮೀಟರ್. ಒಳಗೆ ಎಷ್ಟು ದೂರ ಹೋಗಿದೆ ಎಂದು ಇಣುಕಿ ನೋಡಲು ಆಗುವುದಿಲ್ಲ. ಕಂಡಷ್ಟನ್ನು ಕತ್ತರಿಸಿದರೆ ಕಾಣದ್ದು ಉಳಿಯುತ್ತದೆ. ಜೊತೆಗೆ ಆ ಜಾಗದ ಗೋಡೆ ತೆಳು, ಬಾಯಿ ಮುಚ್ಚಿಹೋದರೆ ಅಪೆಂಡಿಸೈಟಿಸ್ ಆಗಬಹುದು. ಈಗ ಗೋಡೆಯ ಪೂರ್ತಿ ದಪ್ಪವನ್ನೇ ಕ್ಲಿಪ್ ಹಾಕಿ ತೆಗೆಯುವ ಎಂಡೋಸ್ಕೋಪಿ ಉಪಕರಣಗಳಿವೆ. ಅದಾದ ಮೇಲೂ ಕೆಲವರಿಗೆ ಅಪೆಂಡಿಸೈಟಿಸ್ ಬರುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕು. ಈಗಾಗಲೇ ಅಪೆಂಡಿಕ್ಸ್ ತೆಗೆಸಿಕೊಂಡವರಿಗೆ ಆ ಭಯವಿಲ್ಲ. ಉಳಿದವರಿಗೆ ಸರ್ಜನ್ ಕೀಹೋಲ್‌ನಲ್ಲಿ ಅಪೆಂಡಿಕ್ಸನ್ನೂ ಸೀಕಮ್‌ನ ಅಂಚನ್ನೂ ಸೇರಿಸಿ ತೆಗೆಯುವುದೇ ಎಷ್ಟೋ ಸಲ ಹೆಚ್ಚು ಸುರಕ್ಷಿತ. ಡಾಕ್ಟರು ಅವಸರ ಮಾಡದೆ ಕೈ ಹಿಂದೆಗೆದಿದ್ದರೆ ಅದು ಒಳ್ಳೆಯ ನಿರ್ಧಾರ.

“ಪಾಲಿಪ್ ಅಂದುಕೊಂಡದ್ದು ಪಾಲಿಪ್ ಅಲ್ಲವೇ ಅಲ್ಲ, ಅಪೆಂಡಿಕ್ಸೇ ಮಗುಚಿಕೊಂಡಿದೆ ಅಂದ್ರು. ಹಾಗೂ ಆಗುತ್ತಾ?”

ಆಗುತ್ತದೆ, ಬಹಳ ಅಪರೂಪ. ಕಾಲುಚೀಲದ ತುದಿಯನ್ನು ಒಳಗೆ ದೂಡಿದರೆ ಹೇಗೆ ಮಗುಚಿಕೊಳ್ಳುತ್ತದೋ ಹಾಗೆ ಅಪೆಂಡಿಕ್ಸ್ ಸೀಕಮ್‌ನ ಒಳಗೆ ಮಗುಚಿಕೊಳ್ಳುತ್ತದೆ. ಕೊಲೊನೊಸ್ಕೋಪಿಯಲ್ಲಿ ನೋಡಿದವರಿಗೆ ಅದು ಕಾಂಡ ಇರುವ ಪಾಲಿಪ್‌ನಂತೆಯೇ ಕಾಣುತ್ತದೆ. 1963ರಲ್ಲಿ ಪ್ರಕಟವಾದ, 71,000 ಅಪೆಂಡಿಕ್ಸ್‌ಗಳ ಅಧ್ಯಯನದಲ್ಲಿ ಇಂಥದ್ದು ಸಿಕ್ಕಿದ್ದು ಶೇ. 0.01ರಷ್ಟರಲ್ಲಿ. ಕೆಲವೊಮ್ಮೆ ಒಳಗಿನ ಪಾಲಿಪ್ಪೇ ಅದನ್ನು ಎಳೆದುಕೊಂಡು ಬಂದಿರುತ್ತದೆ. ಹೆಂಗಸರಲ್ಲಿ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆಯುವುದು) ಕೂಡ ಕಾರಣವಾಗುತ್ತದೆ. ಗೊತ್ತಾಗದೆ ತಂತಿಯ ಕುಣಿಕೆ ಹಾಕಿ ಕತ್ತರಿಸಿದರೆ ಕರುಳಿಗೇ ತೂತು ಬೀಳುತ್ತದೆ. ಹಾಗಾಗಿ ಆ ಜಾಗದಲ್ಲಿ ಉದ್ದನೆಯ ಪಾಲಿಪ್ ಕಂಡು, ಅಪೆಂಡಿಕ್ಸಿನ ಬಾಯಿ ಎಲ್ಲೂ ಕಾಣದಿದ್ದರೆ ಮೊದಲು ಸಿ.ಟಿ. ಮಾಡಿಸಿ ನೋಡುವುದೇ ದಾರಿ.

“ಮಗನಿಗೆ ಹತ್ತು ವರ್ಷ. ಅಪೆಂಡಿಕ್ಸಿನಲ್ಲಿ ಹ್ಯಾಮರ್ಟೋಮ ಅಂತ ಬಂದಿದೆ. ವಂಶದಲ್ಲಿ ಬರೋದಾ?”

ಹ್ಯಾಮರ್ಟೋಮ ಎಂದರೆ ಆ ಜಾಗದ್ದೇ ಅಂಗಾಂಶ ಲೆಕ್ಕ ತಪ್ಪಿ ಬೆಳೆದದ್ದು. ಇದರಲ್ಲಿ ಎರಡು ಮುಖ್ಯ ಬಗೆ. ಪಾಯ್ಟ್ಸ್–ಜೆಗರ್ಸ್ ಪಾಲಿಪ್‌ನಲ್ಲಿ ಸ್ನಾಯುವಿನ ಎಳೆಗಳು ಮರದ ಕೊಂಬೆಗಳಂತೆ ಕವಲೊಡೆದು ಪಾಲಿಪ್‌ನ ಉದ್ದಕ್ಕೂ ಹಬ್ಬಿರುತ್ತವೆ. ಒಮ್ಮೆ ನೋಡಿದರೆ ಮರೆಯಲಾಗದ ಚಿತ್ರ. ಜುವೆನೈಲ್ ಪಾಲಿಪ್‌ನಲ್ಲಿ ಲೋಳೆ ತುಂಬಿ ಅಗಲವಾದ ಗ್ರಂಥಿಗಳು, ನಡುವೆ ಊದಿದ ಮೆತ್ತನೆಯ ಅಂಗಾಂಶ. ‘ಜುವೆನೈಲ್’ ಎಂಬುದು ಪಾಲಿಪ್‌ನ ಬಗೆಯ ಹೆಸರು, ದೊಡ್ಡವರಲ್ಲೂ ಸಿಗುತ್ತದೆ.

ಒಂದೇ ಒಂದು ಪಾಲಿಪ್ ಇದ್ದು ಬೇರೇನೂ ಇಲ್ಲದಿದ್ದರೆ ಅದು ಒಂಟಿಯಾದದ್ದೇ ಆಗಿರಬಹುದು. ಆದರೆ ಅದನ್ನು ಖಚಿತ ಮಾಡಿಕೊಳ್ಳಬೇಕು. ಮಗುವಿನ ತುಟಿ, ಕೆನ್ನೆಯ ಒಳಭಾಗ, ಬೆರಳ ತುದಿಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಕಂದು–ಕಪ್ಪು ಸಣ್ಣ ಚುಕ್ಕೆಗಳಿದ್ದರೆ ಪಾಯ್ಟ್ಸ್–ಜೆಗರ್ಸ್ ಸಿಂಡ್ರೋಮ್ ಇರಬಹುದು. ಪಾಯ್ಟ್ಸ್ 1921ರಲ್ಲಿ ಇದನ್ನು ಒಂದು ಕುಟುಂಬದಲ್ಲಿ ಗುರುತಿಸಿದರು, ಜೆಗರ್ಸ್ ಮತ್ತು ಸಂಗಡಿಗರು 1949ರಲ್ಲಿ ಅದರ ಪೂರ್ಣ ಚಿತ್ರ ಕೊಟ್ಟರು. ದೊಡ್ಡವರಾಗುತ್ತ ತುಟಿಯ ಚುಕ್ಕೆಗಳು ಮಾಸಬಹುದು, ಕೆನ್ನೆಯೊಳಗಿನವು ಉಳಿಯುತ್ತವೆ. ಹಾಗಾಗಿ ತಂದೆತಾಯಿಯ ಬಾಯೊಳಗೂ ಒಮ್ಮೆ ನೋಡಿ, ಅವರ ಚಿಕ್ಕಂದಿನ ಫೋಟೋ ಇದ್ದರೆ ಹುಡುಕಿ. ಇದಕ್ಕೆ ಕಾರಣವಾಗುವ ಜೀನ್ ಎಸ್‌ಟಿಕೆ11. ಜುವೆನೈಲ್ ಪಾಲಿಪೋಸಿಸ್‌ನಲ್ಲಿ ಎಸ್‌ಎಂಎಡಿ4 ಅಥವಾ ಬಿಎಂಪಿಆರ್1ಎ. ಎರಡೂ ಸಿಂಡ್ರೋಮುಗಳಲ್ಲಿ ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಜೀನ್ ಪರೀಕ್ಷೆಗೆ ಮೊದಲು ತಳಿಶಾಸ್ತ್ರದ ಸಲಹೆಗಾರರ ಜೊತೆ ಕೂತು ಮಾತಾಡಿ. ಅವಸರ ಬೇಡ, ಬಿಟ್ಟುಬಿಡುವುದೂ ಬೇಡ.

“ಅಪೆಂಡಿಕ್ಸಿನ ಸೆರೇಟೆಡ್ ಪಾಲಿಪ್, ದೊಡ್ಡ ಕರುಳಿನ ಸೆರೇಟೆಡ್ ಪಾಲಿಪ್ ಜೀನ್ ಮಟ್ಟದಲ್ಲೂ ಒಂದೇನಾ ಸರ್?”

ಇದನ್ನು ಕೇಳಿದ್ದು ತರಬೇತಿಯಲ್ಲಿರುವ ಒಬ್ಬ ಡಾಕ್ಟರ್. ನೋಟ ಒಂದೇ, ಒಳಗುಟ್ಟು ಬೇರೆ. ದೊಡ್ಡ ಕರುಳಿನ ಬಲಭಾಗದ ಸೆಸೈಲ್ ಸೆರೇಟೆಡ್ ಲೀಷನ್‌ಗಳಲ್ಲಿ ಬಿಆರ್‌ಎಎಫ್ ಜೀನಿನ ಬದಲಾವಣೆ ಹೆಚ್ಚು. ಅಪೆಂಡಿಕ್ಸಿನವುಗಳಲ್ಲಿ ಬಿಆರ್‌ಎಎಫ್ ಕಡಿಮೆ, ಕೆಆರ್‌ಎಎಸ್ ಹೆಚ್ಚು. ದೊಡ್ಡ ಕರುಳಿನ ಪಾಲಿಪ್‌ಗೆ ಇಷ್ಟು ವರ್ಷಕ್ಕೊಮ್ಮೆ ನೋಡಿ ಎಂದು ಇರುವ ವೇಳಾಪಟ್ಟಿಯನ್ನು ಅಪೆಂಡಿಕ್ಸಿನದ್ದಕ್ಕೆ ಕಣ್ಣು ಮುಚ್ಚಿ ಅಂಟಿಸಬಾರದು ಎಂದು ನಾನು ಹೇಳುವುದು ಇದಕ್ಕೇ. ಮೊದಲ ಕೊಲೊನೊಸ್ಕೋಪಿಯಲ್ಲಿ ಏನು ಸಿಕ್ಕಿತು ಎಂಬುದರ ಮೇಲೆ ಮುಂದಿನ ಗಡುವು ನಿಲ್ಲಬೇಕು.

ಇನ್ನೊಂದು ಕಿವಿಮಾತು: ಜೋರಾದ ಉರಿಯೂತ ಇರುವಾಗ, ಅಪೆಂಡಿಕ್ಸ್ ಒಡೆದು ಮಾಯುತ್ತಿರುವಾಗ, ಸಾಮಾನ್ಯ ಒಳಪದರವೇ ಗರಗಸದ ಹಲ್ಲು ತೋರಿಸುತ್ತದೆ. ಅದು ಮಾಯುವ ಪ್ರಯತ್ನ, ಪಾಲಿಪ್ ಅಲ್ಲ. ಇಂಥ ಕಡೆ ಸೆರೇಟೆಡ್ ಲೀಷನ್ ಎಂದು ಬರೆಯುವ ಮೊದಲು ಉರಿಯೂತವಿಲ್ಲದ ಬಿಲ್ಲೆಯಲ್ಲೂ ಅದು ಇದೆಯೇ ಹುಡುಕು.

“ಎರಡನೇ ಅಭಿಪ್ರಾಯ ತಗೋಬೇಕು ಅಂತಿದ್ದೀವಿ. ಲ್ಯಾಬಿನವರು ಬೇಜಾರು ಮಾಡ್ಕೊಳ್ತಾರಾ?”

ಮಾಡಿಕೊಳ್ಳಬಾರದು, ನಾನಂತೂ ಮಾಡಿಕೊಳ್ಳುವುದಿಲ್ಲ. ಅಪೆಂಡಿಕ್ಸಿನ ಪಾಲಿಪ್‌ಗಳನ್ನು ವರ್ಷಕ್ಕೆ ಒಂದೆರಡು ನೋಡುವ ಲ್ಯಾಬುಗಳೇ ಹೆಚ್ಚು. ಸೆರೇಟೆಡ್ ಲೀಷನ್‌ಗೂ ಮ್ಯೂಸಿನಸ್ ನಿಯೋಪ್ಲಾಸಂಗೂ ನಡುವಿನ ಗೆರೆ ಎಳೆಯುವಾಗ ನಾನೇ ಸ್ಲೈಡನ್ನು ಸಹೋದ್ಯೋಗಿಗಳ ಮುಂದೆ ಇಟ್ಟು ಕೇಳುತ್ತೇನೆ. ಬರೀ ರಿಪೋರ್ಟಿನ ಕಾಗದ ಒಯ್ದರೆ ಎರಡನೆಯವರು ಏನೂ ಹೇಳಲಾರರು. ಸ್ಲೈಡುಗಳನ್ನು ಕೇಳಿ ಪಡೆಯಿರಿ. ಮೇಣದ ಬ್ಲಾಕುಗಳನ್ನೂ ಕೇಳಿ. ಅವು ಲ್ಯಾಬಿನಲ್ಲಿ ಹಲವು ವರ್ಷ ಇರುತ್ತವೆ, ಅವುಗಳಿಂದ ಹೊಸ ಪದರ ಎಬ್ಬಿಸಿ ಬೇರೆ ಬಣ್ಣ ಹಾಕಬಹುದು, ಜೀನ್ ಪರೀಕ್ಷೆಯನ್ನೂ ಮಾಡಬಹುದು. ಒಯ್ಯುವಾಗ ಬ್ಲಾಕನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ಕೆಲಸ ಮುಗಿದ ಮೇಲೆ ಬ್ಲಾಕುಗಳನ್ನು ಮೊದಲಿನ ಲ್ಯಾಬಿಗೆ ಮರಳಿಸಿ, ಎರಡನೇ ರಿಪೋರ್ಟಿನ ಒಂದು ಪ್ರತಿಯನ್ನೂ ಕೊಡಿ. ಅವರು ಹೇಳಿದ್ದಕ್ಕಿಂತ ಬೇರೆ ಬಂದಿದ್ದರೆ ಅದನ್ನು ಓದಬೇಕಾದವರು ಅವರೇ.